ಗೋಥೆನ್‌ಬರ್ಗ್‌ನಲ್ಲಿ ಮೊದಲ ಪಂದ್ಯ

ನಾನು ತರಬೇತಿ ಕೊಡುತ್ತಿರುವ ಹುಡುಗರ ಫುಟ್‌ಬಾಲ್ ತಂಡವು ಮೊದಲ ಬಾರಿಗೆ ವಿದೇಶದ ಅಂಗಳಕ್ಕೆ ಇಳಿದಿದೆ. ಸ್ವೀಡನ್ನಿನ ಗೋಥೆನ್‌ಬರ್ಗ್ ನಗರದಲ್ಲಿ 1975ರಲ್ಲಿ ಆರಂಭವಾದ ಗೋಥಿಯಾ ಕಪ್ ಪಂದ್ಯಾವಳಿ ಇದು. ಜುಲೈ ತಿಂಗಳಲ್ಲಿ ಹತ್ತಾರು ದೇಶಗಳ ಮಕ್ಕಳು ಇಲ್ಲಿ ಸೇರುತ್ತಾರೆ, ಬೇಸಿಗೆ ರಜೆಯಿಂದ ಖಾಲಿಯಾದ ಶಾಲೆಗಳ ತರಗತಿಗಳಲ್ಲಿ ಹಲವು ತಂಡಗಳು ಹಾಸಿಗೆ ಹಾಸಿಕೊಂಡು ಮಲಗುತ್ತವೆ. ರಾತ್ರಿ ಹತ್ತಾದರೂ ಬೆಳಕು ಆರದ ಕಾರಣ ನಮ್ಮ ಹುಡುಗರಿಗೆ ಮೊದಲ ದಿನ ನಿದ್ದೆ ಹತ್ತದೆ, ಕೊನೆಗೆ ಕಿಟಕಿಗೆ ಟವೆಲ್ ಕಟ್ಟಿ ಕತ್ತಲೆ ಮಾಡಿಕೊಂಡರು.

ನಿನ್ನೆಯ ಪಂದ್ಯವನ್ನು ಸೋತೆವು. ಕೃತಕ ಹುಲ್ಲಿನ ಮೇಲೆ ಚೆಂಡು ಎಷ್ಟು ಬೇಗ ಓಡುತ್ತದೆ ಎಂಬ ಅಂದಾಜು ಸಿಗುವಷ್ಟರಲ್ಲಿ ಎರಡು ಗೋಲು ಬಿದ್ದಿದ್ದವು. ಆದರೆ ಪಂದ್ಯ ಮುಗಿದ ಮೇಲೆ, ಎಂದೂ ಹೆಚ್ಚು ಮಾತನಾಡದ ನಮ್ಮ ಗೋಲ್‌ಕೀಪರ್ ಎದುರು ತಂಡದ ಗೋಲ್‌ಕೀಪರ್‌ನ ಬಳಿಗೆ ತಾನಾಗಿ ಹೋಗಿ, ಭಾಷೆ ಬಾರದಿದ್ದರೂ ಕೈಸನ್ನೆಯಲ್ಲೇ, ಎತ್ತರದಲ್ಲಿ ಬರುವ ಚೆಂಡನ್ನು ಹಿಡಿಯುವ ಬಗೆಯನ್ನು ಕೇಳಿ ತಿಳಿದುಕೊಂಡದ್ದನ್ನು ಗೆರೆಯ ಆಚೆ ನಿಂತು ನೋಡಿದೆ. ಎರಡು ವರ್ಷಗಳ ಅಭ್ಯಾಸದಲ್ಲಿ ನಾನು ಅವನಲ್ಲಿ ತುಂಬಲಾಗದ ಧೈರ್ಯ ಅದು. ನನ್ನ ಕಣ್ಣು ತುಂಬಿ ಬಂತು.

ಇಂದು ಸಂಜೆ ಎರಡನೆಯ ಪಂದ್ಯವಿದೆ. ಅವನು ಈಗಾಗಲೇ ಬೂಟಿನ ಲೇಸು ಬಿಗಿದುಕೊಂಡು ಬಾಗಿಲಲ್ಲಿ ನಿಂತಿದ್ದಾನೆ.