‘ಗೊತ್ತಾಗಿದ್ದು ಹೇಗೆ?’: ಸೆಲ್ ಬಯಾಲಜಿ ತರಗತಿಯ ನೆನಪುಗಳು

ನಮ್ಮ ಬ್ಯಾಚಿನವರು ನಾಲ್ಕು ಜನ ಸೇರಿದರೆ ಸಾಕು, ಸೆಲ್ ಬಯಾಲಜಿ ಮೇಡಂ ಮಾತು ಬಂದೇ ಬರುತ್ತದೆ. ಜೀವಕೋಶದ ಚಿತ್ರ ಬರೆದು, ಭಾಗಗಳ ಹೆಸರು ಹಾಕಿಸಿ, ಒಂದೊಂದರ ಕೆಲಸ ಬರೆಸಿ ಮುಗಿಸುವ ಪಾಠ ಅವರದಲ್ಲ. ಒಂದು ಪ್ರೋಟೀನನ್ನು ಹಿಡಿದು ಅದರ ಬೆನ್ನು ಹತ್ತುತ್ತಿದ್ದರು. ಅದು ಹುಟ್ಟಿದಲ್ಲಿಂದ ಕೋಶದ ಹೊರಗೆ ಬೀಳುವವರೆಗೆ ನಾವೂ ಅದರ ಜೊತೆಗೇ ಹೋಗಬೇಕು. ನಡುನಡುವೆ ನಿಲ್ಲಿಸಿ, ‘ಹೇಳಪ್ಪ, ಈಗ ಎಲ್ಲಿದೆ?’ ಎಂದು ಯಾರನ್ನಾದರೂ ಕೇಳುವರು. ‘ಗಾಲ್ಜಿಯಲ್ಲಿ’ (ಪ್ರೋಟೀನುಗಳನ್ನು ತಿದ್ದಿ ಮುಂದಕ್ಕೆ ಕಳಿಸುವ ಕೋಶದ ಭಾಗ) ಅಂದರೆ ಅಷ್ಟಕ್ಕೇ ಬಿಡುತ್ತಿರಲಿಲ್ಲ. ‘ಸರಿ. ಗಾಲ್ಜಿಯಲ್ಲೇ ಇದೆ ಅಂತ ಗೊತ್ತಾಗಿದ್ದು ಹೇಗೆ?’

ಆ ಎರಡನೇ ಪ್ರಶ್ನೆಯೇ ಅವರ ಪಾಠದ ಜೀವ. ಪರೀಕ್ಷೆಗೆ ಅದು ಬೇಕಿರಲಿಲ್ಲ. ಆದರೆ ನನ್ನ ಕೆಲಸವೆಲ್ಲ ನಿಂತಿರುವುದು ಆ ಪ್ರಶ್ನೆಯ ಮೇಲೆಯೇ.

ಮೊದಲ ಉತ್ತರ ಕೋಶವಿಜ್ಞಾನಿ ಜಾರ್ಜ್ ಪಲಾಡೆ ಅವರದು. 1960ರ ದಶಕದಲ್ಲಿ ಅವರು ಜೇಮ್ಸ್ ಜೇಮಿಸನ್ ಜೊತೆ ಗಿನಿಯಿಲಿಯ ಮೇದೋಜೀರಕ ಗ್ರಂಥಿಯ ತೆಳು ಚೂರುಗಳಿಗೆ, ಪ್ರೋಟೀನು ಕಟ್ಟಲು ಬೇಕಾದ ಲ್ಯೂಸಿನ್ ಎಂಬ ಅಮೈನೋ ಆಮ್ಲದ ವಿಕಿರಣಶೀಲ ರೂಪವನ್ನು ಕೊಟ್ಟರು. ಕೊಟ್ಟಿದ್ದು 3 ನಿಮಿಷ ಮಾತ್ರ. ಆಮೇಲೆ ಮಾಮೂಲಿ ಲ್ಯೂಸಿನ್. ಆ ಸ್ವಲ್ಪ ಹೊತ್ತಿನಲ್ಲಿ ಹುಟ್ಟಿದ ಪ್ರೋಟೀನುಗಳಿಗಷ್ಟೇ ಗುರುತು ಬಿದ್ದಿರುತ್ತದೆ, ಅಲ್ವಾ? ಬೇರೆ ಬೇರೆ ಹೊತ್ತಿಗೆ ಚೂರುಗಳನ್ನು ತೆಗೆದು ನೋಡಿದರು. ಮೊದಲು ಗುರುತು ಇದ್ದದ್ದು ಪ್ರೋಟೀನು ತಯಾರಿಸುವ ರೈಬೋಸೋಮ್‌ಗಳು ಅಂಟಿಕೊಂಡ ಎಂಡೋಪ್ಲಾಸ್ಮಿಕ್ ರೆಟಿಕ್ಯುಲಮ್‌ನಲ್ಲಿ, ನಾವು ಇ.ಆರ್. ಅನ್ನುತ್ತಿದ್ದ ಜಾಗದಲ್ಲಿ. ಸುಮಾರು 20 ನಿಮಿಷಕ್ಕೆ ಗಾಲ್ಜಿಯ ಕಡೆ. ಎರಡು ಗಂಟೆಯ ಹೊತ್ತಿಗೆ ಸ್ರವಿಸಲು ಸಿದ್ಧವಾದ ಕಣಗಳಲ್ಲಿ. ದಾರಿ ಕಣ್ಣಿಗೆ ಕಂಡಿತು. ಪಲಾಡೆ ಅವರಿಗೆ 1974ರಲ್ಲಿ ನೊಬೆಲ್ ಬಂತು.

ಆ ದಾರಿಯಲ್ಲಿ ಹೋಗುವ ಪ್ರೋಟೀನುಗಳಲ್ಲಿ ಹೆಚ್ಚಿನವು ಗ್ಲೈಕೋಪ್ರೋಟೀನುಗಳು. ಅಂದರೆ ಮೈಮೇಲೆ ಸಕ್ಕರೆಯ ಸರಗಳನ್ನು ಹೊತ್ತವು. ಇಲ್ಲಿಗೆ ಬಂದಾಗ ಮೇಡಂ ಅವರ ವೇಗ ತಾನಾಗಿ ಕಡಿಮೆಯಾಗುತ್ತಿತ್ತು. ‘ಸಕ್ಕರೆ ಅಲಂಕಾರಕ್ಕೆ ಅಂದ್ಕೋಬೇಡಿ. ಈ ಪ್ರೋಟೀನ್ ಎಲ್ಲೆಲ್ಲಿ ಹೋಗಿ ಬಂದಿದೆ ಅನ್ನೋದು ಅದರಲ್ಲೇ ಬರೆದಿರುತ್ತೆ’ ಎನ್ನುತ್ತಿದ್ದರು.

ಪ್ರೋಟೀನಿನ ಸರಪಳಿ ಇನ್ನೂ ತಯಾರಾಗುತ್ತಿರುವಾಗಲೇ, ಇ.ಆರ್. ಒಳಗೆ ಅದಕ್ಕೆ ಸಕ್ಕರೆ ಸೇರುತ್ತದೆ. ಒಂದೊಂದಾಗಿ ಅಲ್ಲ, 14 ಘಟಕಗಳ ಗೊಂಚಲು ಒಟ್ಟಿಗೆ. ಎರಡು ಎನ್-ಅಸಿಟೈಲ್‌ಗ್ಲೂಕೋಸಮೈನ್, ಒಂಬತ್ತು ಮ್ಯಾನೋಸ್, ತುದಿಯಲ್ಲಿ ಮೂರು ಗ್ಲೂಕೋಸ್. ಡಾಲಿಕಾಲ್ ಎಂಬ ಲಿಪಿಡ್ ಮೇಲೆ ಮೊದಲೇ ಕಟ್ಟಿಟ್ಟ ಈ ಗೊಂಚಲನ್ನು ಒಂದು ಕಿಣ್ವ ಎತ್ತಿ ಆಸ್ಪರಾಜಿನ್ ಎಂಬ ಅಮೈನೋ ಆಮ್ಲಕ್ಕೆ ಜೋಡಿಸುತ್ತದೆ. ಎಲ್ಲ ಆಸ್ಪರಾಜಿನ್‌ಗೂ ಅಲ್ಲ. ಅದರಿಂದ ಒಂದು ಸ್ಥಾನ ಬಿಟ್ಟು ಮುಂದೆ ಸೆರಿನ್ ಅಥವಾ ತ್ರಿಯೋನಿನ್ ಇರಬೇಕು, ನಡುವೆ ಪ್ರೋಲಿನ್ ಇರಬಾರದು. ಜೋಡಿಸಿದ ಬೆನ್ನಿಗೇ ತುದಿಯ ಗ್ಲೂಕೋಸ್‌ಗಳನ್ನು ಬೇರೆ ಕಿಣ್ವಗಳು ಕತ್ತರಿಸತೊಡಗುತ್ತವೆ.

‘ತೆಗೆಯೋದಾದ್ರೆ ಹಾಕೋದು ಯಾಕೆ ಮೇಡಂ?’ ಎಂದು ಹಿಂದಿನ ಬೆಂಚಿನ ಗೆಳತಿ ಕೇಳಿದಳು. ಮೇಡಂ ಮುಖ ಅರಳಿತು. ಈ ಪ್ರಶ್ನೆಗೇ ಅವರು ಕಾಯುತ್ತಿದ್ದರು ಅಂತ ಕಾಣುತ್ತದೆ. ಒಂದೇ ಗ್ಲೂಕೋಸ್ ಉಳಿದ ಹಂತದಲ್ಲಿ ಕಾಲ್ನೆಕ್ಸಿನ್ ಮತ್ತು ಕಾಲ್ರೆಟಿಕ್ಯುಲಿನ್ ಎಂಬ ಸಹಾಯಕ ಪ್ರೋಟೀನುಗಳು ಆ ಸಕ್ಕರೆಯನ್ನು ಹಿಡಿದುಕೊಂಡು, ಸರಿಯಾಗಿ ಮಡಿಚಿಕೊಳ್ಳಲು ಅವಕಾಶ ಕೊಡುತ್ತವೆ. ಕೊನೆಯ ಗ್ಲೂಕೋಸೂ ಹೋದರೆ ಹಿಡಿತ ಬಿಡುತ್ತದೆ. ಆಗ ಇನ್ನೊಂದು ಕಿಣ್ವ ಮಡಿಕೆಯನ್ನು ಪರಿಶೀಲಿಸುತ್ತದೆ. ಸರಿಯಿಲ್ಲದಿದ್ದರೆ ಒಂದು ಗ್ಲೂಕೋಸನ್ನು ವಾಪಸ್ ಅಂಟಿಸುತ್ತದೆ. ಮತ್ತೆ ಕಾಲ್ನೆಕ್ಸಿನ್, ಮತ್ತೆ ಒಂದು ಅವಕಾಶ. ಸಪ್ಲಿಮೆಂಟರಿ ಪರೀಕ್ಷೆ ಇದ್ದಂತೆ ಎಂದು ಯಾರೋ ಹೇಳಿದಾಗ ಮೇಡಂ ಒಪ್ಪಿದರು. ಈ ಅವಕಾಶಕ್ಕೂ ಕೊನೆಯಿದೆ ಎಂದು ಸೇರಿಸಿದರು. ಜಾಸ್ತಿ ಹೊತ್ತು ಅಲ್ಲೇ ಸುತ್ತುವ ಪ್ರೋಟೀನಿನ ಮ್ಯಾನೋಸ್‌ಗಳು ನಿಧಾನವಾಗಿ ಕತ್ತರಿಸಿಹೋಗುತ್ತವೆ. ಅದೇ ಅದನ್ನು ಇ.ಆರ್.ನಿಂದ ಹೊರಗೆಳೆದು ಪ್ರೋಟಿಯಾಸೋಮ್‌ನಲ್ಲಿ ಚೂರು ಮಾಡಲು ಸೂಚನೆ.

ಈ ತಪಾಸಣೆ ಕೆಲವೊಮ್ಮೆ ಅತಿ ಕಟ್ಟುನಿಟ್ಟು. ಸಿಸ್ಟಿಕ್ ಫೈಬ್ರೋಸಿಸ್ ಎಂಬ ಆನುವಂಶಿಕ ರೋಗದಲ್ಲಿ ಅತಿ ಹೆಚ್ಚು ಕಾಣುವ ದೋಷದಲ್ಲಿ, ಕೋಶಪೊರೆಯಲ್ಲಿ ಕೆಲಸ ಮಾಡುವ ಸಿ.ಎಫ್.ಟಿ.ಆರ್. ಎಂಬ ಪ್ರೋಟೀನಿನ 508ನೇ ಅಮೈನೋ ಆಮ್ಲ ಇರುವುದಿಲ್ಲ. ಕೋಶಪೊರೆಗೆ ತಲುಪಿದರೆ ಅದು ಅಷ್ಟಿಷ್ಟು ಕೆಲಸ ಮಾಡಬಲ್ಲದು. ಆದರೆ ಇ.ಆರ್. ಅದನ್ನು ಮುಂದಕ್ಕೆ ಬಿಡುವುದೇ ಇಲ್ಲ. ಅದು ಮಡಿಚಿಕೊಳ್ಳಲು ನೆರವಾಗುವ ಔಷಧಗಳು ಇಂದು ರೋಗಿಗಳ ಕೈಗೆ ಬಂದಿವೆ. ಇದನ್ನು ಓದುವಾಗಲೆಲ್ಲ ನನಗೆ ಆ ತರಗತಿ ನೆನಪಾಗುತ್ತದೆ.

ತಪಾಸಣೆ ದಾಟಿದ ಪ್ರೋಟೀನು ಕಾಪ್-2 ಎಂಬ ಪ್ರೋಟೀನು ಹೊದಿಕೆಯ ಸಣ್ಣ ಚೀಲಗಳಲ್ಲಿ ಗಾಲ್ಜಿಯ ಕಡೆ ಹೊರಡುತ್ತದೆ. ಗಾಲ್ಜಿಯಲ್ಲಿ ಕಿಣ್ವಗಳು ಮ್ಯಾನೋಸ್‌ಗಳನ್ನು ಕತ್ತರಿಸಿ, ಬೇರೆ ಸಕ್ಕರೆಗಳನ್ನು ಸೇರಿಸುತ್ತವೆ. ಗ್ಯಾಲಕ್ಟೋಸ್, ತುದಿಯಲ್ಲಿ ಸಿಯಾಲಿಕ್ ಆಮ್ಲ, ಹೀಗೆ. ಗಾಲ್ಜಿ ದಾಟಿದ್ದು ಗೊತ್ತಾಗುವುದು ಇಲ್ಲೇ. ಎಂಡೋ-ಎಚ್ ಎಂಬ ಬ್ಯಾಕ್ಟೀರಿಯಾದ ಕಿಣ್ವ ಮ್ಯಾನೋಸ್ ತುಂಬಿದ ಗೊಂಚಲನ್ನು ಕತ್ತರಿಸುತ್ತದೆ. ಗಾಲ್ಜಿಯ ನಡುಭಾಗದಲ್ಲಿ ಬದಲಾದ ಗೊಂಚಲನ್ನು ಅದು ಮುಟ್ಟಲಾರದು. ಹಾಗಾಗಿ ಪ್ರಾಣಿಕೋಶದ ಪ್ರೋಟೀನಿಗೆ ಎಂಡೋ-ಎಚ್ ಹಾಕಿ ನೋಡಿದರೆ, ಸಕ್ಕರೆ ಕಳಚಿದರೆ ಅದಿನ್ನೂ ಅಲ್ಲಿಗೆ ತಲುಪಿಲ್ಲ, ಕಳಚದಿದ್ದರೆ ದಾಟಿ ಬಂದಿದೆ.

ಯೀಸ್ಟ್ ಕತೆ ಬೇರೆ. ಅದರ ಗಾಲ್ಜಿ ಇನ್ನಷ್ಟು ಮ್ಯಾನೋಸ್‌ಗಳನ್ನೇ ಪೇರಿಸುತ್ತದೆ, ಹಾಗಾಗಿ ಎಂಡೋ-ಎಚ್‌ಗೆ ಕೊನೆಯವರೆಗೂ ಕೆಲಸವಿದೆ. ನಾವು ಲ್ಯಾಬ್‌ನಲ್ಲಿ ಮಾಡಿದ್ದು ಇದನ್ನೇ. ಯೀಸ್ಟ್ ಸ್ರವಿಸುವ ಇನ್ವರ್ಟೇಸ್ ಎಂಬ ಕಿಣ್ವ ತೆಗೆದುಕೊಂಡು, ಪ್ರೋಟೀನಿನ ಮಡಿಕೆ ಬಿಡಿಸುವ ಎಸ್.ಡಿ.ಎಸ್. ಎಂಬ ಮಾರ್ಜಕದ ಜೊತೆ ಕುದಿಸಿ, ಒಂದು ಟ್ಯೂಬಿಗೆ ಎಂಡೋ-ಎಚ್ ಹಾಕಿ, ಇನ್ನೊಂದಕ್ಕೆ ಹಾಕದೆ, ಎರಡನ್ನೂ 37 ಡಿಗ್ರಿಯಲ್ಲಿ ಇಟ್ಟೆವು. ಆಮೇಲೆ ಪ್ರೋಟೀನುಗಳನ್ನು ಗಾತ್ರದ ಪ್ರಕಾರ ಬೇರ್ಪಡಿಸಲು (ದೊಡ್ಡವು ಮೇಲೆ, ಸಣ್ಣವು ಕೆಳಗೆ) ಜೆಲ್ ಓಡಿಸಿ, ನೀಲಿ ಬಣ್ಣ ಹಾಕಿ ತೊಳೆದೆವು. ಕಿಣ್ವ ಹಾಕದ ಕಡೆ ಮೇಲ್ಗಡೆ ಅಗಲವಾಗಿ ಹರಡಿದ ಮಸುಕು ಪಟ್ಟೆ. ಪ್ರತಿ ಅಣುವಿನ ಮೇಲೂ ಒಂದೇ ಅಳತೆಯ ಸಕ್ಕರೆ ಇಲ್ಲದ್ದರಿಂದ ಹಾಗೆ. ಕಿಣ್ವ ಹಾಕಿದ ಕಡೆ ಆ ಹರಡೆಲ್ಲ ಮಾಯ. 60 ಕಿಲೋಡಾಲ್ಟನ್ (ಅಣುತೂಕದ ಅಳತೆ) ಆಸುಪಾಸಿನಲ್ಲಿ ಗಟ್ಟಿಯಾದ, ತೆಳ್ಳಗಿನ ಗೆರೆ. ಕೆಳಗೆ ಸಣ್ಣದಾಗಿ ಎಂಡೋ-ಎಚ್‌ನದೇ ಗೆರೆ. ಲೈಟ್ ಬಾಕ್ಸಿನ ಸುತ್ತ ತಲೆಗೆ ತಲೆ ತಾಗಿಸಿ ನಿಂತಿದ್ದೆವು. ಅಷ್ಟು ಸಕ್ಕರೆ ಹೊತ್ತಿತ್ತು ಅನ್ನುವುದು ಪುಸ್ತಕ ಹೇಳಿದ್ದರಿಂದಲ್ಲ, ಕಣ್ಣಾರೆ ನೋಡಿದ್ದರಿಂದ ಗೊತ್ತಾಯಿತು.

ಅದೇ ಇನ್ವರ್ಟೇಸ್ ಹೊರಬರುತ್ತಿದೆಯೇ ಎಂದು ಅಳೆದೇ ರ‍್ಯಾಂಡಿ ಶೆಕ್ಮನ್ ಮತ್ತು ಪೀಟರ್ ನೋವಿಕ್ 1979ರಲ್ಲಿ ಮೊದಲ ಸೆಕ್ ಮ್ಯೂಟಂಟ್ (ಸ್ರವಿಕೆಯ ಜೀನು ಕೆಟ್ಟ) ಯೀಸ್ಟನ್ನು ಹಿಡಿದರು. 25 ಡಿಗ್ರಿಯಲ್ಲಿ ಸರಿಯಾಗಿ ಸ್ರವಿಸುವ, 37ಕ್ಕೆ ಏರಿಸಿದರೆ ಒಳಗೇ ಕೂಡಿಟ್ಟುಕೊಳ್ಳುವ ಯೀಸ್ಟ್ ಅದು. ಮರುವರ್ಷ 23 ಜೀನುಗಳ ಪಟ್ಟಿಯೇ ಬಂತು. ಜೇಮ್ಸ್ ರಾತ್‌ಮನ್ ಹಿಡಿದ ದಾರಿ ನನಗೆ ಇನ್ನೂ ಇಷ್ಟ. ಒಂದು ಸಕ್ಕರೆ ಜೋಡಿಸುವ ಕಿಣ್ವವೇ ಇಲ್ಲದ ಕೋಶಗಳಿಂದ ವೈರಸ್ ಪ್ರೋಟೀನಿರುವ ಗಾಲ್ಜಿ ತೆಗೆದು, ಆರೋಗ್ಯವಂತ ಕೋಶಗಳ ಗಾಲ್ಜಿಯ ಜೊತೆ ಟ್ಯೂಬಿನಲ್ಲಿ ಬೆರೆಸಿದರು. ಶಕ್ತಿಗೆ ಎ.ಟಿ.ಪಿ. ಮತ್ತು ಕೋಶದ್ರವ ಕೊಟ್ಟಾಗ ಪ್ರೋಟೀನಿಗೆ ಆ ಸಕ್ಕರೆ ಸೇರಿತು. ಬೇರೆ ಬೇರೆ ಕಡೆ ಇದ್ದ ಪ್ರೋಟೀನು ಮತ್ತು ಕಿಣ್ವ ಒಂದೆಡೆ ಸೇರಿದ್ದಕ್ಕೆ ಸಕ್ಕರೆಯೇ ಸಾಕ್ಷಿ! ಶೆಕ್ಮನ್, ರಾತ್‌ಮನ್ ಇಬ್ಬರಿಗೂ ಥಾಮಸ್ ಸುಡಾಫ್ ಅವರಿಗೂ 2013ರ ನೊಬೆಲ್ ಬಂದ ದಿನ ನಮ್ಮ ಬ್ಯಾಚಿನ ವಾಟ್ಸಾಪ್‌ನಲ್ಲಿ ಬಂದ ಮೆಸೇಜುಗಳೆಲ್ಲ ಮೇಡಂ ಬಗ್ಗೆ.

ಕೋರ್ಸಿನ ಕೊನೆಗೆ ಅವರು ಐ-ಸೆಲ್ ರೋಗದ ಬಗ್ಗೆ ಹೇಳಿದ್ದರು. ಆ ಮಕ್ಕಳ ಕೋಶಗಳು ಲೈಸೋಸೋಮಿನ (ಕೋಶದ ಕಸ ಕರಗಿಸುವ ಚೀಲದ) ಕಿಣ್ವಗಳನ್ನು ತಯಾರಿಸುತ್ತವೆ. ಆದರೆ ಅವು ಲೈಸೋಸೋಮಿಗೆ ಹೋಗದೆ ಹೊರಗೆ, ರಕ್ತಕ್ಕೆ ಸೇರುತ್ತವೆ. ಲೈಸೋಸೋಮಿನಲ್ಲಿ ಕರಗದ ವಸ್ತು ತುಂಬುತ್ತಾ ಹೋಗುತ್ತದೆ. 1972ರಲ್ಲಿ ಹಿಕ್‌ಮನ್ ಮತ್ತು ಎಲಿಜಬೆತ್ ನ್ಯೂಫೆಲ್ಡ್ ಒಂದು ವಿಷಯ ಕಂಡುಕೊಂಡರು. ರೋಗಿಯ ಕೋಶಗಳು ಬೇರೆಯವರ ಕಿಣ್ವವನ್ನು ಒಳಗೆ ತೆಗೆದುಕೊಳ್ಳುತ್ತವೆ, ರೋಗಿಯ ಕಿಣ್ವವನ್ನು ಮಾತ್ರ ಬೇರೆ ಕೋಶಗಳು ಸರಿಯಾಗಿ ತೆಗೆದುಕೊಳ್ಳುವುದಿಲ್ಲ. ಅಂದರೆ ಕಿಣ್ವದ ಮೇಲೆ ಇರಬೇಕಾದ ಏನೋ ಒಂದು ಗುರುತು ಇಲ್ಲ. ಆ ಗುರುತು ಮ್ಯಾನೋಸ್-6-ಫಾಸ್ಫೇಟ್ ಎಂದು ಆಮೇಲೆ ತಿಳಿಯಿತು. ಗಾಲ್ಜಿಯಲ್ಲಿ ಒಂದು ಸಕ್ಕರೆಯ ಮೇಲೆ ಬೀಳಬೇಕಾದ ಒಂದು ಫಾಸ್ಫೇಟ್. ಅದಿಲ್ಲದೆ ಒಂದು ಮಗುವಿನ ಬದುಕೇ ಏರುಪೇರು. ಆ ದಿನ ‘ಗೊತ್ತಾಗಿದ್ದು ಹೇಗೆ’ ಎಂದು ಕೇಳಿದವರು ಮೇಡಂ ಅಲ್ಲ, ನಾವು.

ಈಗ ನಾನು ಆಂಟಿಬಾಡಿ ಔಷಧಗಳ ಸಕ್ಕರೆ ಪರೀಕ್ಷಿಸುವ ಕೆಲಸದಲ್ಲಿದ್ದೇನೆ. ಆಂಟಿಬಾಡಿಯ ಪ್ರತಿಯೊಂದು ಭಾರವಾದ (ಹೆವಿ) ಸರಪಳಿಯಲ್ಲೂ 297ನೇ ಆಸ್ಪರಾಜಿನ್ ಮೇಲೆ ಒಂದು ಗೊಂಚಲಿರುತ್ತದೆ. ಅದರಲ್ಲಿ ಫ್ಯೂಕೋಸ್ ಎಂಬ ಒಂದೇ ಸಕ್ಕರೆ ಇಲ್ಲದಿದ್ದರೂ, ರೋಗದ ಕೋಶಗಳನ್ನು ಕೊಲ್ಲಲು ರೋಗನಿರೋಧಕ ಕೋಶಗಳನ್ನು ಕರೆಯುವ ಅದರ ಶಕ್ತಿ ಹೆಚ್ಚಾಗುತ್ತದೆ. ಬ್ಯಾಚಿನಿಂದ ಬ್ಯಾಚಿಗೆ ಈ ಲೆಕ್ಕ ತಪ್ಪಬಾರದು. ಮ್ಯಾನೋಸ್ ಜಾಸ್ತಿ ಕಂಡರೆ, ಗಾಲ್ಜಿಯಲ್ಲಿ ಆಗಬೇಕಾದ ಕೆಲಸ ಪೂರ್ತಿ ಆಗಿಲ್ಲ ಎಂದು ಮೊದಲು ಯೋಚಿಸುತ್ತೇನೆ.

ವಿಭಾಗದ ಈಗಿನ ಅಧ್ಯಾಪಕರಲ್ಲಿ ಒಂದು ಕೋರಿಕೆ. ಇನ್ವರ್ಟೇಸ್ ಪ್ರಯೋಗ ಈಗ ಪಠ್ಯದಲ್ಲಿಲ್ಲ ಎಂದು ಕೇಳಿದೆ. ದಯವಿಟ್ಟು ಮತ್ತೆ ಸೇರಿಸಿ. ಎಂಡೋ-ಎಚ್ ತರಿಸುವ ಖರ್ಚು ನಮ್ಮ ಬ್ಯಾಚಿನವರದು. ಜೆಲ್ ಓಡಿಸುವ ದಿನ ಹೇಳಿದರೆ ನಾನೂ ಬರುತ್ತೇನೆ.