ನೀಲಿ ಮುಚ್ಚಿ ನೋಡಿ

ಮಡಿಕೇರಿಯಲ್ಲಿ ಜಡಿಮಳೆ. ಒಳಗೆ ಕೂತು ಚಿತ್ರ ನೋಡೋಕೆ ಇದಕ್ಕಿಂತ ಒಳ್ಳೆ ಹೊತ್ತಿಲ್ಲ. ಮಾಡರ್ನ್ ಪೇಂಟಿಂಗ್ ಕಂಡ ಕೂಡಲೇ ‘ಇದರ ಅರ್ಥ ಏನು?’ ಅನ್ನಬೇಡಿ, ವಿಮರ್ಶೆ ದಾರಿ ತಪ್ಪೋದೇ ಅಲ್ಲಿ. ಮೊದಲ ಎರಡು ನಿಮಿಷ ಕಂಡದ್ದಷ್ಟೇ ಹೇಳಿ: ರೇಖೆ, ಆಕಾರ, ಬಣ್ಣ, ನೆರಳು-ಬೆಳಕು, ಮೇಲ್ಮೈ, ಖಾಲಿ ಜಾಗ.

ಡಚ್ ಚಿತ್ರಕಾರ ಮಾಂಡ್ರಿಯನ್ 1930ರಲ್ಲಿ ಬರೆದ ಕೆಂಪು, ನೀಲಿ, ಹಳದಿಯ ಚೌಕಾಕಾರದ ಚಿತ್ರವನ್ನೇ ತಗೊಳ್ಳಿ. ಮೇಲೆ ಬಲಕ್ಕೆ ಭಾರೀ ಕೆಂಪು, ಕೆಳಗೆ ಎಡಮೂಲೆಯಲ್ಲಿ ಪುಟ್ಟ ನೀಲಿ, ಬಲಮೂಲೆಯಲ್ಲಿ ಚೂರೇ ಚೂರು ಹಳದಿ. ಹೆಬ್ಬೆರಳಿಂದ ನೀಲಿ ಮುಚ್ಚಿ. ಇಡೀ ಚಿತ್ರ ಬಲಕ್ಕೆ ವಾಲುತ್ತೆ! ಕಡುಬಣ್ಣ ಕಣ್ಣಿಗೆ ಹೆಚ್ಚು ತೂಗುತ್ತೆ. ಅಷ್ಟು ಸಣ್ಣ ನೀಲಿ ಅಷ್ಟು ದೊಡ್ಡ ಕೆಂಪನ್ನು ಹಿಡಿದು ನಿಲ್ಲಿಸೋದು ಹಾಗೆ. ಕಪ್ಪು ಗೆರೆಗಳನ್ನೂ ಗಮನಿಸಿ, ಎಲ್ಲದರ ದಪ್ಪ ಒಂದೇ ಅಲ್ಲ.

ಬೇರೆ ಚಿತ್ರಗಳಿಗೆ ಇನ್ನೊಂದು ಉಪಾಯ: ಫೋಟೋ ತೆಗೆದು ಕಪ್ಪು-ಬಿಳುಪು ಮಾಡಿ. ಎಲ್ಲಾ ಒಂದೇ ಬೂದು ಆಗಿಹೋದರೆ ಅಲ್ಲಿ ಕೆಲಸ ಮಾಡ್ತಿದ್ದದ್ದು ಬರೀ ಬಣ್ಣ, ನೆರಳು-ಬೆಳಕಲ್ಲ. ಅದು ತಪ್ಪೇನಲ್ಲ, ಆದರೆ ಹಾಗಂತ ಬರೆಯಬೇಕು.

ಆಟಿ ತಿಂಗಳ ಮೋಡದ ಬೆಳಕಲ್ಲಿ ಮಾತ್ರ ‘ಬಣ್ಣ ಮಂಕು’ ಅಂತ ತೀರ್ಪು ಕೊಡಬೇಡಿ, ಆ ಬೆಳಕಿಗೇ ನೀಲಿ ಛಾಯೆ ಇರುತ್ತೆ.