ಸೂರ್ಯ ತಡೆದು ನಿಲ್ಲುವ ದಿನ, ಓಡುವ ದಿನ

ವರ್ಷಕ್ಕೆ ನಾಲ್ಕು ಸಲ, ಅಂದರೆ ಮಾರ್ಚ್ 20, ಜೂನ್ 21, ಸೆಪ್ಟೆಂಬರ್ 22 ಮತ್ತು ಡಿಸೆಂಬರ್ 21ರ ಆಸುಪಾಸಿನಲ್ಲಿ, ‘ಇಂದಿನಿಂದ ಹೊಸ ಋತು’ ಎಂಬ ಸುದ್ದಿ ಎಲ್ಲಾದರೂ ಕಣ್ಣಿಗೆ ಬೀಳುತ್ತದೆ. ಅದನ್ನು ಓದಿದಾಗಲೆಲ್ಲ ನನ್ನದೊಂದು ಸಣ್ಣ ತಕರಾರು ಇದ್ದೇ ಇರುತ್ತದೆ. ಹಗಲು ರಾತ್ರಿ ಹೆಚ್ಚುಕಡಿಮೆ ಸಮವಿರುವ ಮಾರ್ಚ್, ಸೆಪ್ಟೆಂಬರ್‌ಗಳ ಎರಡು ವಿಷುವ ದಿನಗಳೂ, ಹಗಲು ಅತಿ ದೀರ್ಘವೋ ಅತಿ ಗಿಡ್ಡವೋ ಆಗುವ ಜೂನ್, ಡಿಸೆಂಬರ್‌ಗಳ ಎರಡು ಅಯನ ದಿನಗಳೂ ಬೆಳಕಿನ ಲೆಕ್ಕಕ್ಕೆ ಸೇರಿದವು. ಚಳಿ, ಸೆಕೆಗಳು ಆ ಲೆಕ್ಕವನ್ನು ತಮ್ಮದೇ ನಿಧಾನದಲ್ಲಿ ಹಿಂಬಾಲಿಸುತ್ತವೆ.

ಮೂಲ ಕಾರಣ ಎಲ್ಲರಿಗೂ ಗೊತ್ತಿರುವುದೇ: ಭೂಮಿಯ ಅಕ್ಷ ಸುಮಾರು 23.4 ಡಿಗ್ರಿ ವಾಲಿದೆ, ಆ ವಾಲಿಕೆಯ ದಿಕ್ಕು ವರ್ಷವಿಡೀ ಬದಲಾಗುವುದಿಲ್ಲ. ಹಾಗಾಗಿ ಕಕ್ಷೆಯ ಒಂದು ತುದಿಯಲ್ಲಿ ಉತ್ತರ ಗೋಳಾರ್ಧ ಸೂರ್ಯನ ಕಡೆಗೆ ಬಾಗಿದ್ದರೆ, ಆರು ತಿಂಗಳ ನಂತರ ದಕ್ಷಿಣ ಗೋಳಾರ್ಧ ಬಾಗಿರುತ್ತದೆ. ಆದರೆ ಈ ವಿವರಣೆಯಲ್ಲಿ ಸಾಮಾನ್ಯವಾಗಿ ಬಿಟ್ಟುಹೋಗುವ ಒಂದು ಅಂಶವಿದೆ. ಅದು ಬದಲಾವಣೆಯ ವೇಗ.

ಸಮತಟ್ಟಾದ ನೆಲದಲ್ಲಿ ಒಂದು ಕೋಲನ್ನು ನೆಟ್ಟಗೆ ನಿಲ್ಲಿಸಿ, ಅದರ ನೆರಳಿನ ತುದಿಯನ್ನು ಅರ್ಧ ಗಂಟೆಗೊಮ್ಮೆ ಸೀಮೆಸುಣ್ಣದಿಂದ ಗುರುತಿಸುತ್ತ ಹೋದರೆ ಈ ದಿನಗಳ ನಡುವಿನ ವ್ಯತ್ಯಾಸ ಕಾಣುತ್ತದೆ. ಅಯನ ದಿನಗಳಲ್ಲಿ ಆ ಚುಕ್ಕೆಗಳು ಬಾಗಿದ ಗೆರೆಯಾಗುತ್ತವೆ. ಜೂನ್ ತಿಂಗಳ ಗೆರೆ ಒಂದು ಕಡೆಗೆ ಬಾಗಿದರೆ ಡಿಸೆಂಬರ್ ತಿಂಗಳದು ಅದರ ಎದುರು ದಿಕ್ಕಿಗೆ ಬಾಗುತ್ತದೆ. ವಿಷುವ ದಿನದಂದು ಮಾತ್ರ ಅವು ಪಶ್ಚಿಮದಿಂದ ಪೂರ್ವಕ್ಕೆ ನೇರವಾದ ಒಂದೇ ಗೆರೆಯಲ್ಲಿ ಸಾಲುಗಟ್ಟುತ್ತವೆ. ಭಾರತೀಯ ಖಗೋಳಜ್ಞರು ಹನ್ನೆರಡು ಅಂಗುಲದ ಶಂಕುವನ್ನು, ಅಂದರೆ ನೆರಳಳೆಯುವ ಕೋಲನ್ನು, ನಿಲ್ಲಿಸಿ, ವಿಷುವ ದಿನದ ಮಧ್ಯಾಹ್ನದ ನೆರಳನ್ನು ಅಳೆದು, ಆ ಸ್ಥಳದ ಅಕ್ಷಾಂಶವನ್ನು ಲೆಕ್ಕಹಾಕುತ್ತಿದ್ದರು. ನೆರಳೂ ಹನ್ನೆರಡು ಅಂಗುಲವಿದ್ದರೆ ಅಕ್ಷಾಂಶ 45 ಡಿಗ್ರಿ. ನೆರಳೇ ಇಲ್ಲದಿದ್ದರೆ ನಿಂತಿರುವುದು ಸಮಭಾಜಕ ವೃತ್ತದ ಮೇಲೆ. ಇಷ್ಟು ಕಡಿಮೆ ಸಲಕರಣೆಯಿಂದ ಇಷ್ಟು ದೊಡ್ಡ ಉತ್ತರ ಸಿಗುವ ಪ್ರಯೋಗಗಳು ಹೆಚ್ಚಿಲ್ಲ.

ವೇಗದ ವಿಷಯಕ್ಕೆ ಬಂದರೆ, ವಿಷುವದ ಹೊತ್ತಿನಲ್ಲಿ ಸೂರ್ಯ ಒಂದೇ ದಿನಕ್ಕೆ ಸುಮಾರು 0.4 ಡಿಗ್ರಿ, ಅಂದರೆ ತನ್ನ ಬಿಂಬದ ಅಗಲದ ಹೆಚ್ಚುಕಡಿಮೆ ಮುಕ್ಕಾಲು ಭಾಗದಷ್ಟು, ಉತ್ತರಕ್ಕೋ ದಕ್ಷಿಣಕ್ಕೋ ಸರಿಯುತ್ತಾನೆ. 60 ಡಿಗ್ರಿ ಅಕ್ಷಾಂಶದಲ್ಲಿರುವವರಿಗೆ ಆ ದಿನಗಳಲ್ಲಿ ಹಗಲು ದಿನಕ್ಕೆ ಐದೂವರೆ ನಿಮಿಷದಷ್ಟು ಬೆಳೆಯುತ್ತದೆ ಅಥವಾ ಕುಗ್ಗುತ್ತದೆ. ಅಯನದ ಹೊತ್ತಿನಲ್ಲಾದರೋ ಐದು ದಿನ ಕಳೆದರೂ ಸೂರ್ಯ ಬಿಂಬದ ಐದನೆಯ ಒಂದು ಭಾಗದಷ್ಟೂ ಕದಲಿರುವುದಿಲ್ಲ. ಐರ್ಲೆಂಡಿನ ನ್ಯೂಗ್ರೇಂಜ್‌ನಲ್ಲಿ ಸುಮಾರು 5,200 ವರ್ಷಗಳ ಹಿಂದೆ ಕಟ್ಟಿದ ಸಮಾಧಿಯ ಒಳಕೋಣೆಗೆ ಡಿಸೆಂಬರ್ ಅಯನದ ಸೂರ್ಯೋದಯದ ಬೆಳಕು ಒಂದೇ ದಿನವಲ್ಲದೆ ಹಿಂದುಮುಂದಿನ ಕೆಲವು ದಿನಗಳಲ್ಲೂ ತಲುಪುವುದು ಇದೇ ಕಾರಣಕ್ಕೆ. ನೆರಳನ್ನು ನೋಡಿ ಅಯನದ ದಿನವನ್ನು ನಿಖರವಾಗಿ ಹೇಳುವುದು ಇದರಿಂದಲೇ ಕಷ್ಟ. 5ನೇ ಶತಮಾನದ ಚೀನೀ ಗಣಿತಜ್ಞ ಝೂ ಚೋಂಗ್‌ಝೀ ಇದಕ್ಕೊಂದು ಜಾಣ ಉಪಾಯ ಹೂಡಿದ: ನೆರಳು ಚುರುಕಾಗಿ ಬದಲಾಗುತ್ತಿರುವ ದಿನಗಳನ್ನೇ ಆಯ್ದುಕೊಂಡು, ಅಯನಕ್ಕೆ ಮೊದಲೂ ಅನಂತರವೂ ಅದನ್ನು ಅಳೆದು, ಸಮ ಉದ್ದದ ನೆರಳು ಬೀಳುವ ಎರಡು ಕ್ಷಣಗಳ ನಡುವಿನ ಮಧ್ಯಬಿಂದುವನ್ನು ಲೆಕ್ಕದಿಂದ ಹಿಡಿದ.

ವಿಷುವ ದಿನ ಹಗಲು ರಾತ್ರಿ ಸಮ ಎನ್ನುವುದೂ ಪೂರ್ತಿ ನಿಜವಲ್ಲ. ಸೂರ್ಯೋದಯವನ್ನು ಬಿಂಬದ ಮೇಲಂಚು ಕಂಡ ಕ್ಷಣದಿಂದ ಎಣಿಸುತ್ತೇವೆ, ಜೊತೆಗೆ ವಾತಾವರಣವು ಬೆಳಕನ್ನು ಬಾಗಿಸಿ ದಿಗಂತದ ಕೆಳಗಿರುವ ಸೂರ್ಯನನ್ನು ಮೇಲೆತ್ತಿ ತೋರಿಸುತ್ತದೆ. ಹೀಗಾಗಿ ಸಮಭಾಜಕ ವೃತ್ತದಲ್ಲೂ ಹಗಲು ಹನ್ನೆರಡು ಗಂಟೆಗಿಂತ ಸುಮಾರು 7 ನಿಮಿಷ ಹೆಚ್ಚಿರುತ್ತದೆ.

ಇನ್ನು ತಾಪಮಾನದ ವಿಷಯ. ಜೂನ್ 21ರಂದು ಉತ್ತರ ಗೋಳಾರ್ಧಕ್ಕೆ ಅತಿ ಹೆಚ್ಚು ಬಿಸಿಲು ದೊರೆತರೂ ಸಮಶೀತೋಷ್ಣ ವಲಯದ ಕಡು ಸೆಕೆ ಜುಲೈ, ಆಗಸ್ಟ್‌ಗಳಲ್ಲಿ ಬರುತ್ತದೆ. ಅಯನದ ನಂತರವೂ ಕೆಲವು ವಾರಗಳ ಕಾಲ ನೆಲ, ನೀರುಗಳು ಹೊರಬಿಡುವ ಶಾಖಕ್ಕಿಂತ ಪಡೆಯುವ ಶಾಖವೇ ಹೆಚ್ಚಿರುತ್ತದೆ, ಸಮುದ್ರವಂತೂ ತೀರ ನಿಧಾನವಾಗಿ ಕಾಯುತ್ತದೆ. ಎರಡು ಸಂಕ್ರಾಂತಿ ವೃತ್ತಗಳ ನಡುವೆ ವಾಸಿಸುವವರ ಕಥೆ ಬೇರೆಯೇ: ಅವರ ನೆತ್ತಿಯ ಮೇಲೆ ಸೂರ್ಯ ವರ್ಷಕ್ಕೆ ಎರಡು ಸಲ ಹಾದುಹೋಗುತ್ತಾನೆ, ಮೋಡ ಮತ್ತು ಮಳೆ ನಡುವೆ ಬರುವುದರಿಂದ ಅತಿ ಸೆಕೆಯ ದಿನಗಳು ಅಯನಕ್ಕೆ ಮೊದಲೇ ಮುಗಿದಿರಬಹುದು. ‘ಜೂನ್ 21ರಿಂದ ಬೇಸಿಗೆ’ ಎಂಬ ಮಾತು ಅವರಿಗೆ ಹೊಂದುವುದೇ ಇಲ್ಲ.

ಈ ನಾಲ್ಕು ದಿನಗಳು ವರ್ಷವನ್ನು ಸಮಪಾಲು ಮಾಡುವುದೂ ಇಲ್ಲ. ಮಾರ್ಚ್ ವಿಷುವದಿಂದ ಸೆಪ್ಟೆಂಬರ್ ವಿಷುವಕ್ಕೆ ಸುಮಾರು 186 ದಿನ, ಅಲ್ಲಿಂದ ಮತ್ತೆ ಮಾರ್ಚ್‌ಗೆ ಸುಮಾರು 179 ದಿನ. ಭೂಮಿ ಜನವರಿಯ ಮೊದಲ ವಾರದಲ್ಲಿ ಸೂರ್ಯನಿಗೆ ಅತಿ ಸಮೀಪವಿದ್ದು ಆಗ ವೇಗವಾಗಿ ಚಲಿಸುವುದರಿಂದ ಉತ್ತರದವರ ಚಳಿಗಾಲ ಕೊಂಚ ಬೇಗ ಮುಗಿಯುತ್ತದೆ. ಇದೂ ಶಾಶ್ವತವಲ್ಲ. ಭೂಮಿಯ ಅಕ್ಷವು ಸುಮಾರು 26,000 ವರ್ಷಗಳಿಗೊಮ್ಮೆ ಒಂದು ಸುತ್ತು ಓಲಾಡುತ್ತದೆ, ಕಕ್ಷೆಯೂ ನಿಧಾನವಾಗಿ ತಿರುಗುತ್ತದೆ. ಇವೆರಡೂ ಸೇರಿ, ಇನ್ನು ಸುಮಾರು 10,000 ವರ್ಷಗಳಲ್ಲಿ ಜೂನ್ ಅಯನವು ಭೂಮಿ ಸೂರ್ಯನಿಗೆ ಸಮೀಪವಿರುವಾಗ ಬರುವಂತಾಗಿ, ಉತ್ತರದ ಬೇಸಿಗೆ ಈಗಿಗಿಂತ ಗಿಡ್ಡವೂ ಬಿಸಿಲಿನಲ್ಲಿ ಪ್ರಖರವೂ ಆಗಲಿದೆ.